ಬೆಳ್ಳಿ ಲಟ್ಟಿಸಿದ ಹೊಳೆ

ಪೂರಿಗೆ ಒಂದೊಂದೇ ಉಂಡೆ ಲಟ್ಟಿಸುತ್ತ ಕೂತರೆ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಅದಕ್ಕೇ ಅವಸರವಿದ್ದಾಗ ಹಿಟ್ಟನ್ನು ಒಂದೇ ಸಲ ಅಗಲಕ್ಕೆ ಲಟ್ಟಿಸಿ, ಡಬ್ಬಿ ಮುಚ್ಚಳ ಒತ್ತಿ ದುಂಡಗೆ ಕತ್ತರಿಸುತ್ತೇವೆ. ಎಲ್ಲವೂ ಒಂದೇ ಅಳತೆ. ಉಳಿದ ಚೂರುಗಳನ್ನು ಸೇರಿಸಿ ಮತ್ತೆ ನಾದಿದರೆ ಆಯ್ತು. ಸ್ಪೇನಿನ ಸೆಗೋವಿಯಾ ಊರಿನ ಟಂಕಸಾಲೆಯಲ್ಲಿ 1580ರ ದಶಕದಲ್ಲಿ ಬೆಳ್ಳಿಗೆ ಮಾಡಿದ್ದೂ ಇದನ್ನೇ. ಲಟ್ಟಣಿಗೆ ತಿರುಗಿಸಿದ್ದು ಮಾತ್ರ ಹೊಳೆ.

ಹೊಳೆಯ ಹೆಸರು ಎರೆಸ್ಮಾ. ಗ್ವಾದರ್ರಾಮ ಬೆಟ್ಟಸಾಲಿನಿಂದ ಇಳಿದು ಬರುತ್ತದೆ, ದೊಡ್ಡ ನದಿಯೇನಲ್ಲ. ಊರು ಇರುವುದು ಎತ್ತರದ ಬಂಡೆಯ ಮೇಲೆ. ಬಂಡೆಯ ತುದಿಯಲ್ಲಿ ಅಲ್ಕಾಸರ್ ಕೋಟೆ. ಕೆಳಗೆ ಕಣಿವೆಯಲ್ಲಿ, ನೀರಿಗೆ ಅಂಟಿಕೊಂಡ ಹಾಗೆ ಟಂಕಸಾಲೆ. ಆಚೆ ದಡದಲ್ಲಿ ಎಲ್ ಪರ್ರಾಲ್ ಮಠ. ರಾಜನ ಬೆಳ್ಳಿ ಕೋಟೆಯೊಳಗೆ ಇರಬೇಕಿತ್ತು, ಅಲ್ವಾ? ಆದರೆ ಹೊಳೆ ಬೆಟ್ಟ ಹತ್ತುವುದಿಲ್ಲ. ಬೆಳ್ಳಿಯೇ ಇಳಿದು ಬರಬೇಕಾಯಿತು. ರೋಮನ್ನರು ಕಟ್ಟಿದ ಪ್ರಸಿದ್ಧ ಮೇಲ್ಗಾಲುವೆ ಊರಿನೊಳಗೇ ನೀರು ತರುತ್ತಿತ್ತು ನಿಜ, ಆದರೆ ಅದು ಜನಕ್ಕೆ ತಂದ ನೀರು. ಟಂಕಸಾಲೆಗೆ ಅದರಿಂದ ಸಿಕ್ಕಿದ್ದು ಗುರುತು ಮಾತ್ರ: ಸೆಗೋವಿಯಾದ ನಾಣ್ಯಗಳ ಮೇಲೆ ಪುಟ್ಟದಾಗಿ ಆ ಕಮಾನುಗಳ ಚಿತ್ರವಿರುತ್ತದೆ.

ಅದಕ್ಕೆ ಮುಂಚೆ ನಾಣ್ಯ ಹೇಗೆ ಮಾಡುತ್ತಿದ್ದರು? ಬೆಳ್ಳಿಯ ಬಿಲ್ಲೆಯನ್ನು ಅಡಿಗಲ್ಲಿನ ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು, ಸುತ್ತಿಗೆಯಿಂದ ಬಾರಿಸುತ್ತಿದ್ದರು. ಹೊಡೆತ ಓರೆಯಾದರೆ ಚಿತ್ರವೂ ಓರೆ. ಅಂಚಂತೂ ಕಡಿದ ಹಪ್ಪಳದ ಹಾಗೆ. ಬೇಕಾದವರು ಅಂಚಿನಿಂದ ಒಂದಿಷ್ಟು ಬೆಳ್ಳಿ ಕತ್ತರಿಸಿಕೊಂಡು ನಾಣ್ಯವನ್ನು ಸುಮ್ನೆ ಮುಂದಕ್ಕೆ ದಾಟಿಸಬಹುದಿತ್ತು. ಮೊದಲೇ ಸೊಟ್ಟಗಿರುವ ಅಂಚಿನಲ್ಲಿ ಕಳ್ಳತನ ಹೇಗೆ ಗೊತ್ತಾಗಬೇಕು? ಬೆಳ್ಳಿಯ ತೂಕವೇ ನಾಣ್ಯದ ಬೆಲೆಯಾಗಿದ್ದ ಕಾಲ ಅದು. ಮೆಣಸು, ಬಟ್ಟೆ ಕೊಳ್ಳಲು ಯುರೋಪಿನ ವ್ಯಾಪಾರಿಗಳು ಭಾರತಕ್ಕೆ ತರುತ್ತಿದ್ದ ಸ್ಪೇನಿನ ರಿಯಾಲ್ ಎಂಬ ಬೆಳ್ಳಿ ನಾಣ್ಯಗಳನ್ನು ಇಲ್ಲೂ ತೂಗಿ, ಎಷ್ಟೋ ಸಲ ಕರಗಿಸಿ ರೂಪಾಯಿ ಮಾಡುತ್ತಿದ್ದರು.

ದೊರೆ ಎರಡನೇ ಫಿಲಿಪ್‌ಗೆ ದಾರಿ ಸಿಕ್ಕಿದ್ದು ನೆಂಟರ ಮನೆಯಿಂದ. ಆಲ್ಪ್ಸ್ ಬೆಟ್ಟಗಳ ನಡುವಿನ ಟಿರೋಲ್ ಪ್ರಾಂತ್ಯವನ್ನು ಅವನ ಬಂಧು ಆಳುತ್ತಿದ್ದ. ಅಲ್ಲಿನ ಹಾಲ್ ಪಟ್ಟಣದಲ್ಲಿ ನೀರಿನ ಚಕ್ರದಿಂದ ಓಡುವ ಹೊಸ ಟಂಕಸಾಲೆ ಇತ್ತು. ಅಲ್ಲಿಂದ ಯಂತ್ರಗಳೂ ಕುಶಲಕರ್ಮಿಗಳೂ ಬೆಟ್ಟ ದಾಟಿ, ಸಮುದ್ರ ದಾಟಿ 1585ರಲ್ಲಿ ಸೆಗೋವಿಯಾ ತಲುಪಿದರು. ಎರೆಸ್ಮಾ ದಡದ ಹಳೆಯ ಗಿರಣಿಯೊಂದರ ಜಾಗವನ್ನು 1583ರಲ್ಲೇ ಕೊಂಡಾಗಿತ್ತು. ಕಟ್ಟಡದ ನಕ್ಷೆ ಎಲ್ ಎಸ್ಕೋರಿಯಲ್ ಅರಮನೆ ಕಟ್ಟಿದ ಹ್ವಾನ್ ದೆ ಎರ್ರೆರಾನದು. 1586ರ ಇಸವಿ ಹೊತ್ತ ನಾಣ್ಯಗಳು ಇಂದಿಗೂ ಉಳಿದಿವೆ.

ಯಂತ್ರವನ್ನು ಕಣ್ಣಿಗೆ ತಂದುಕೊಳ್ಳಲು ಕಬ್ಬಿನಹಾಲಿನ ಅಂಗಡಿ ಸಾಕು. ಅಲ್ಲಿನ ಗಾಣದ ಹಾಗೇ ಜೋಡಿ ಉರುಳೆಗಳು. ಕಬ್ಬಿನ ಬದಲು ಬೆಳ್ಳಿಯ ಪಟ್ಟಿ. ಒಂದು ಸಲ ತೂರಿಸಿದರೆ ಸಾಲದು. ಸಂದನ್ನು ಕಿರಿದು ಮಾಡುತ್ತ ಮತ್ತೆ ಮತ್ತೆ ತೂರಿಸಬೇಕು. ನಾಲ್ಕಾರು ಸಲ ಒತ್ತಿಸಿಕೊಂಡ ಬೆಳ್ಳಿ ಹಟ ಹಿಡಿಯುತ್ತದೆ. ಅದರೊಳಗಿನ ಹರಳುಗಳ ಪದರಗಳು ಒಂದರ ಮೇಲೊಂದು ಜಾರಿ ಜಾರಿ, ಕೊನೆಗೆ ಸಿಕ್ಕು ಬಿದ್ದು ಗಟ್ಟಿಯಾಗುತ್ತವೆ. ಇನ್ನೂ ಒತ್ತಿದರೆ ಬಿರುಕು. ಆಗ ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಹರಳುಗಳು ಹೊಸದಾಗಿ ಕಟ್ಟಿಕೊಂಡು ಬೆಳ್ಳಿ ಮತ್ತೆ ಮೆತ್ತಗಾಗುತ್ತದೆ. ನಮ್ಮ ಅಕ್ಕಸಾಲಿಗರು ತಂತಿ ಎಳೆಯುವಾಗ ನಡುನಡುವೆ ಕಾಯಿಸುವುದೂ ಇದೇ ಕಾರಣಕ್ಕೆ.

ದಪ್ಪ ಸರಿಹೋದ ಮೇಲೆ ಪಟ್ಟಿ ಇನ್ನೊಂದು ಜೋಡಿ ಉರುಳೆಗೆ ಹೋಗುತ್ತದೆ. ಇವುಗಳ ಮೈಮೇಲೇ ನಾಣ್ಯದ ಅಚ್ಚುಗಳನ್ನು ಕೆತ್ತಿರುತ್ತಾರೆ, ಮೇಲಿನದರಲ್ಲಿ ಒಂದು ಮುಖ, ಕೆಳಗಿನದರಲ್ಲಿ ಇನ್ನೊಂದು. ಪಟ್ಟಿ ಆಚೆ ಬರುವಾಗ ಸಾಲಾಗಿ ನಾಣ್ಯಗಳ ಚಿತ್ರ! ಅದನ್ನು ದುಂಡಗೆ ಕತ್ತರಿಸಿದರೆ ಕೆಲಸ ಮುಗಿಯಿತು. ಚಿತ್ರ ಅಂಚಿನವರೆಗೂ ತುಂಬಿರುವುದರಿಂದ ಚೂರು ಕತ್ತರಿಸಿದರೂ ಕಣ್ಣಿಗೆ ಬೀಳುತ್ತದೆ. ಒಂದು ಚಿಕ್ಕ ಐಬು ಮಾತ್ರ ಉಳಿಯಿತು: ಉರುಳೆಯ ಬಾಗು ನಾಣ್ಯಕ್ಕೂ ಅಂಟುತ್ತದೆ. ಈ ಕಾಲದ ಎಷ್ಟೋ ನಾಣ್ಯಗಳು ತುಸು ಬಾಗಿವೆ.

ಸಣ್ಣ ಹೊಳೆಗೆ ಇಷ್ಟೆಲ್ಲ ಬಲ ಎಲ್ಲಿಂದ? ಒಂದು ಲೆಕ್ಕ ಹಾಕೋಣ. ಸೆಕೆಂಡಿಗೆ 100 ಲೀಟರ್ ನೀರು 2 ಮೀಟರ್ ಇಳಿದರೆ ಸುಮಾರು 2,000 ವ್ಯಾಟ್. ಅರ್ಧ ಸೋರಿಹೋಯಿತು ಅಂದುಕೊಳ್ಳಿ, ಉಳಿಯುವುದು 1,000. ಅಡುಗೆಮನೆಯ ಮಿಕ್ಸಿಯೂ ಹೆಚ್ಚುಕಡಿಮೆ ಅಷ್ಟೇ ಶಕ್ತಿಯದು. ಆದರೆ ಮಿಕ್ಸಿ ನಿಮಿಷಕ್ಕೆ ಸಾವಿರಾರು ಸುತ್ತು ಓಡಿ ಆ ಶಕ್ತಿಯನ್ನು ವೇಗಕ್ಕೆ ಖರ್ಚು ಮಾಡುತ್ತದೆ. ನೀರಿನ ಚಕ್ರ ನಿಮಿಷಕ್ಕೆ 10 ಸುತ್ತು ಹಾಕಿದರೆ, ಅದರ ತಿರುಚುವ ಬಲ ಮೀಟರ್ ಉದ್ದದ ಸನ್ನೆಕೋಲಿನ ತುದಿಗೆ ಒಂದು ಕ್ವಿಂಟಾಲ್ ಅಕ್ಕಿಮೂಟೆ ನೇತುಹಾಕಿದಷ್ಟು. ನಿಧಾನ, ಆದರೆ ಮೊಂಡು. ಸುತ್ತಿಗೆಯ ಹೊಡೆತಕ್ಕೂ ಬಲ ಜಾಸ್ತಿಯೇ ಇದೆ, ಆದರೆ ಪ್ರತಿ ಹೊಡೆತವೂ ಬೇರೆ. ಹೊಳೆಯ ಒತ್ತಡ ಮೊದಲ ನಾಣ್ಯಕ್ಕೂ ನೂರನೇ ನಾಣ್ಯಕ್ಕೂ ಬಹುಪಾಲು ಒಂದೇ. ನನಗೆ ಈ ಟಂಕಸಾಲೆಯಲ್ಲಿ ಜಾಣತನ ಕಾಣುವುದು ಇಲ್ಲೇ.

ಇಲ್ಲೇ ಹುಟ್ಟಿದ್ದು ‘ಸಿಂಕ್ವೆಂಟಿನ್’ ಎಂಬ 50 ರಿಯಾಲಿನ ಬೆಳ್ಳಿ ನಾಣ್ಯ. ಅಡ್ಡಳತೆ 7 ಸೆಂಟಿಮೀಟರಿಗೂ ಜಾಸ್ತಿ, ತೂಕ ಸುಮಾರು 170 ಗ್ರಾಂ, ಅಂದರೆ ನಮ್ಮ 22 ಹತ್ತು ರೂಪಾಯಿ ನಾಣ್ಯಗಳಷ್ಟು. ಜೇಬಿಗಲ್ಲ, ತೋರಿಸಿಕೊಳ್ಳಲು ಮಾಡಿದ್ದು.

ಹಾಗಿದ್ದರೂ ಎಲ್ಲರೂ ಈ ದಾರಿ ಹಿಡಿಯಲಿಲ್ಲ. ಒಂದು ಅಚ್ಚು ಒಡೆದರೆ ಇಡೀ ಉರುಳೆಯೇ ದಂಡ. ಆಗ ಸ್ಪೇನಿನ ಕೈಯಲ್ಲಿದ್ದ ಮೆಕ್ಸಿಕೊದ ಟಂಕಸಾಲೆಯಲ್ಲಿ ಯಂತ್ರದ ನಾಣ್ಯ ಶುರುವಾದದ್ದೇ 1732ರಲ್ಲಿ. ದಕ್ಷಿಣ ಅಮೆರಿಕದಲ್ಲಿ, ಬೆಳ್ಳಿಯ ಬೆಟ್ಟವೇ ಇದ್ದ ಪೊಟೊಸಿ ಊರಿನಲ್ಲಿ ಮುಂದೆ ಉರುಳೆ ಬಂದಾಗ ಅದನ್ನು ತಿರುಗಿಸಿದವು ಹೇಸರಗತ್ತೆಗಳು.

ಅಂಚು ಕತ್ತರಿಸುವ ಕಳ್ಳನನ್ನು ಯಂತ್ರ ಹಿಡಿಯಿತು. ರಾಜನನ್ನು ಹಿಡಿಯಲು ಅದರ ಕೈಲಾಗಲಿಲ್ಲ. ಚಿಲ್ಲರೆ ಕಾಸುಗಳಲ್ಲಿ ಇದ್ದ ಚೂರುಪಾರು ಬೆಳ್ಳಿಯನ್ನೂ ಮೂರನೇ ಫಿಲಿಪ್ 1602ರಲ್ಲಿ ತೆಗೆಸಿಬಿಟ್ಟ. ಸೆಗೋವಿಯಾದ ಚಕ್ರಗಳು ಬರೀ ತಾಮ್ರದ ಕಾಸು ಒತ್ತತೊಡಗಿದವು, ಅದೂ ಚೆಂದವಾಗಿ, ಅಂಚು ಮುಕ್ಕಾಗದಂತೆ. ಮರುವರ್ಷ ಹಳೆಯ ಕಾಸುಗಳ ಮೇಲೆ ಇನ್ನೊಂದು ಮುದ್ರೆ ಒತ್ತಿಸಿ ಬೆಲೆ ದುಪ್ಪಟ್ಟು ಎಂದ.

1770ರ ದಶಕದ ಹೊತ್ತಿಗೆ ಉರುಳೆಗಳ ಜಾಗಕ್ಕೆ ತಿರುಪಿನ ಒತ್ತುಯಂತ್ರಗಳು ಬಂದವು. 1860ರ ದಶಕದ ಕೊನೆಗೆ ಟಂಕಸಾಲೆಯೇ ಮುಚ್ಚಿತು. 1878ರಲ್ಲಿ ಕಟ್ಟಡ ಮಾರಾಟವಾಗಿ ಹಿಟ್ಟಿನ ಗಿರಣಿಯಾಯಿತು. ಆಮೇಲೆ ಗಿರಣಿಯೂ ನಿಂತು, ಬಹಳ ಕಾಲ ಪಾಳು ಬಿದ್ದಿತ್ತು. ಈಗ ಕಟ್ಟಡವನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಮರದ ಚಕ್ರಗಳನ್ನು ಹಳೆಯ ಮಾದರಿಯಲ್ಲೇ ಹೊಸದಾಗಿ ಕಟ್ಟಿದ್ದಾರೆ. ತೂಬು ಎತ್ತಿದರೆ ಎರೆಸ್ಮಾ ಕಾಲುವೆಗೆ ನುಗ್ಗುತ್ತದೆ, ಚಕ್ರ ಒಂದು ಕ್ಷಣ ಅನುಮಾನಿಸಿದಂತೆ ನಿಂತು, ಆಮೇಲೆ ತಿರುಗಲು ಶುರುಮಾಡುತ್ತದೆ.