130ನೇ ನಂಬರು ಎಲ್ಲಿಂದ ಬಂತು?

ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಬಂತು ಅಂದರೆ ಮರುದಿನ ಪೇಪರಿನಲ್ಲಿ ಒಂದು ತಲೆಬರಹ ಗ್ಯಾರಂಟಿ: ಭಾರತ ಇಷ್ಟನೇ ಸ್ಥಾನದಲ್ಲಿ. 2025ರ ಮೇ ತಿಂಗಳ ವರದಿಯ ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿ, ಅಂದರೆ ಜನರ ಆಯಸ್ಸು, ಓದು, ಆದಾಯ ಸೇರಿಸಿ ಕೊಡುವ ಅಂಕದಲ್ಲಿ, 193 ದೇಶಗಳ ಪೈಕಿ ನಮ್ಮದು 130. ಬಾಂಗ್ಲಾದೇಶವೂ ಅಷ್ಟೇ ಅಂಕ ತೆಗೆದುಕೊಂಡು ನಮ್ಮ ಜೊತೆಗೇ ಕೂತಿದೆ. ಶ್ರೀಲಂಕಾ 89, ಭೂತಾನ್ 125, ನೇಪಾಳ 145, ಪಾಕಿಸ್ತಾನ 168. ಮೊದಲನೆಯದು ಐಸ್‌ಲ್ಯಾಂಡ್, ಕೊನೆಯದು ದಕ್ಷಿಣ ಸುಡಾನ್.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತ ನಿಂತವರ ಮುಂದೆ ಈ ಮಾತು ತೆಗೆದರೆ ಬರುವ ಪ್ರಶ್ನೆ ಒಂದೇ. "ಆರ್ಥಿಕತೆಯೊಳಗ ನಾವು ಐದರೊಳಗ ಅದೀವಿ, ಮತ್ತ ಇದರಾಗ 130 ಹೆಂಗ ಆತು?" ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೇಶದ ಬಡತನವನ್ನು ಅಂಕಿಯಲ್ಲಿ ಹಿಡಿಯುವ ಕೆಲಸವನ್ನು ನಮ್ಮಲ್ಲಿ ಮೊದಲು ಮಾಡಿದವರಲ್ಲಿ ದಾದಾಭಾಯಿ ನವರೋಜಿ ಒಬ್ಬರು. 1867-68ರಲ್ಲಿ ಭಾರತೀಯನೊಬ್ಬನ ವರ್ಷದ ಸರಾಸರಿ ಆದಾಯ 20 ರೂಪಾಯಿ ಅಂತ ಅವರು ಲೆಕ್ಕ ಹಾಕಿದ್ದರು. ಬ್ರಿಟಿಷರ ಜೊತೆ ಜಗಳ ಆಡಲು ಅವರಿಗೆ ಅಂಕಿ ಬೇಕಿತ್ತು. ಆಮೇಲೆ 1934ರಲ್ಲಿ ಸೈಮನ್ ಕುಜ್ನೆಟ್ಸ್ ಅನ್ನುವ ಅರ್ಥಶಾಸ್ತ್ರಜ್ಞ ಅಮೆರಿಕದ ಸಂಸತ್ತಿಗೆ ರಾಷ್ಟ್ರೀಯ ಆದಾಯದ ಲೆಕ್ಕ ಒಪ್ಪಿಸಿದ. ಈಗ ಎಲ್ಲರ ಬಾಯಲ್ಲಿರುವ ಜಿಡಿಪಿಯ ಬೇರು ಅಲ್ಲಿದೆ. ತಮಾಷೆ ಏನೆಂದರೆ, ಜನರ ಸುಖ-ದುಃಖವನ್ನು ಈ ಅಂಕಿಯಿಂದ ಅಳೆಯಬೇಡಿ ಅಂತ ಆ ವರದಿಯಲ್ಲಿ ಅವನೇ ಎಚ್ಚರಿಸಿದ್ದ. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಕಿವಿಗೆ ಹಾಕಿಕೊಂಡವರಲ್ಲಿ ದೊಡ್ಡ ಹೆಸರು ಪಾಕಿಸ್ತಾನದ ಮಹಬೂಬ್ ಉಲ್ ಹಕ್. 1960ರ ದಶಕದಲ್ಲಿ ಪಾಕಿಸ್ತಾನದ ಜಿಡಿಪಿ ಜೋರಾಗಿ ಏರುತ್ತಿತ್ತು. ಆ ದೇಶದ ಯೋಜನಾ ಆಯೋಗದಲ್ಲಿ ಕೂತು ಈ ಲೆಕ್ಕವನ್ನೆಲ್ಲ ನೋಡುತ್ತಿದ್ದವರೇ ಹಕ್. 1968ರಲ್ಲಿ ಅವರು ಬಾಯಿಬಿಟ್ಟು ಹೇಳಿದರು: ದೇಶದ ಕೈಗಾರಿಕೆಯ ಮೂರರಲ್ಲಿ ಎರಡು ಪಾಲು ಬರೀ 22 ಕುಟುಂಬಗಳ ಕೈಯಲ್ಲಿದೆ. ಅಂಕಿ ಏರಿತ್ತು, ಜನ ಏರಿರಲಿಲ್ಲ.

ಕೇಂಬ್ರಿಡ್ಜ್‌ನಲ್ಲಿ ಓದುವಾಗ ಹಕ್ ಅವರ ಗೆಳೆಯ ನಮ್ಮ ಅಮರ್ತ್ಯ ಸೇನ್. 1989ರ ಹೊತ್ತಿಗೆ ಹಕ್ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕೆ ಸೇರಿ, ಜಿಡಿಪಿಗೆ ಬದಲಾಗಿ ಒಂದು ಹೊಸ ಅಳತೆ ಮಾಡಲು ಸೇನ್‌ರನ್ನು ಜೊತೆಗೆ ಎಳೆದರು. ಸೇನ್‌ಗೆ ಮೊದಮೊದಲು ಇದು ಹಿಡಿಸಲಿಲ್ಲ. ಮನುಷ್ಯನ ಬದುಕನ್ನು ಒಂದೇ ನಂಬರಿಗೆ ಇಳಿಸೋದು ಒರಟು ಕೆಲಸ ಅನ್ನೋದು ಅವರ ವಾದ. ಒರಟೇ ಇರಲಿ, ಜಿಡಿಪಿಯಷ್ಟೇ ಒರಟಾಗಿರಲಿ, ಆದರೆ ಅದರಷ್ಟು ಕುರುಡಾಗಿರಬಾರದು ಅನ್ನೋದು ಹಕ್ ಪಟ್ಟು. ಒಂದು ನಂಬರು ಕೊಡದಿದ್ದರೆ ಯಾವ ಮಂತ್ರಿಯೂ ಓದುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ತಾವೇ ಹಣಕಾಸು ಮಂತ್ರಿಯಾಗಿದ್ದವರಲ್ವಾ! 1990ರಲ್ಲಿ ಮೊದಲ ವರದಿ ಬಂತು. 130 ದೇಶಗಳ ಪಟ್ಟಿ. ಮೇಲೆ ಜಪಾನ್, ಕೆಳಗೆ ನೈಜರ್.

ಈ ನಂಬರು ಹೇಗೆ ತಯಾರಾಗುತ್ತದೆ ಅಂತ ಒಂದು ಸಲ ಬಿಚ್ಚಿ ನೋಡೋಣ. ಅಳೆಯುವುದು ಮೂರು: ಆಯಸ್ಸು, ಓದು, ಆದಾಯ. 2025ರ ವರದಿ ಹೇಳುವುದು 2023ರ ಸ್ಥಿತಿ. ಭಾರತೀಯನ ಸರಾಸರಿ ಆಯಸ್ಸು 72 ವರ್ಷ. 20 ವರ್ಷಕ್ಕೆ ಸೊನ್ನೆ, 85ಕ್ಕೆ ಒಂದು ಅಂಕ ಅಂತ ಇಟ್ಟರೆ ನಮಗೆ 0.80. ಪರವಾಗಿಲ್ಲ. ಆದಾಯದಲ್ಲಿ 0.68. ನಾವು ಕೆಳಗೆ ಬೀಳುವುದು ಓದಿನಲ್ಲಿ: 0.59. ಮೂರನ್ನೂ ಗುಣಿಸಿ ಘನಮೂಲ ತೆಗೆದರೆ 0.685. ಅದೇ 130ನೇ ಸ್ಥಾನ.

ಓದಿನ ಅಂಕದೊಳಗೆ ಎರಡು ಅಂಕಿ ಇವೆ. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದಬಹುದು? 13 ವರ್ಷ. 25 ದಾಟಿದವರು ಸರಾಸರಿ ಎಷ್ಟು ಓದಿದ್ದಾರೆ? 6.9 ವರ್ಷ. ಧಾರವಾಡದ ಸಪ್ತಾಪುರಕ್ಕೆ ಹೋದರೆ ಈ ಎರಡೂ ಅಂಕಿ ಒಟ್ಟಿಗೇ ಸಿಗುತ್ತವೆ. ಕೋಚಿಂಗ್ ಸೆಂಟರ್, ಓದುವ ಕೋಣೆ, ಪಿಜಿ, ಖಾನಾವಳಿ ತುಂಬಿದ ಓಣಿಗಳು. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಬಂದ ಹುಡುಗ-ಹುಡುಗಿಯರು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ವರ್ಷಗಟ್ಟಲೆ ಓದುತ್ತಾರೆ. ಅವರಿಗೆ ರೊಟ್ಟಿ ಬುತ್ತಿ ಕಟ್ಟಿ ಬಸ್ಸಿಗೆ ಹಾಕಿ ಕಳಿಸುವ ಅವ್ವ ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟಿರುತ್ತಾಳೆ. 13 ಮಕ್ಕಳ ಅಂಕಿ, 6.9 ಅವರ ಅಪ್ಪ-ಅವ್ವಂದಿರದು. ಹಾಗಾಗಿ ಇವತ್ತು ಎಷ್ಟೇ ಶಾಲೆ ಕಟ್ಟಿದರೂ ಎರಡನೇ ಅಂಕಿ ಏರಲು ಒಂದು ತಲೆಮಾರು ಬೇಕು. ಆ 13 ಕೂಡ ಎಲ್ಲರಿಗೂ ಸಿಗುವುದಿಲ್ಲ. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ದುಡಿಯಲು ಹೋಗುವ ಕುಟುಂಬಗಳನ್ನು ಕೇಳಿ ನೋಡಿ.

ಎಲ್ಲ ಸರಾಸರಿಗಳ ಹಣೆಬರಹ ಇದೇ. ನಮ್ಮ ಭಾಗದವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು. ವಿಶ್ವವಿದ್ಯಾಲಯ, ದೊಡ್ಡ ಆಸ್ಪತ್ರೆ, ರೈಲ್ವೆ ವರ್ಕ್‌ಶಾಪು ಎಲ್ಲ ಅವಳಿ ನಗರದಲ್ಲಿ. ಅಂಕಿ ಮಾತ್ರ ಇಡೀ ಜಿಲ್ಲೆಯದು. ಜಿಲ್ಲೆ ಒಡೆದ ಮೇಲೆ ಅಂಕಿಗಳೂ ಬೇರೆಯಾದವು. 2011ರ ಜನಗಣತಿಯಲ್ಲಿ ಮಹಿಳೆಯರ ಸಾಕ್ಷರತೆ ಧಾರವಾಡ ಜಿಲ್ಲೆಯಲ್ಲಿ ಶೇ 73, ಹಾವೇರಿಯಲ್ಲಿ 70, ಗದಗದಲ್ಲಿ 65ರ ಆಸುಪಾಸು. ಜಿಲ್ಲೆ ಒಂದೇ ಆಗಿದ್ದರೆ ಗದಗದ ಆ 65 ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಪಟ್ಟಿಯ ಕೊನೆಯಲ್ಲಿರುವ ದಕ್ಷಿಣ ಸುಡಾನ್ ಕೂಡ 2011ರವರೆಗೆ ಸುಡಾನಿನ ಭಾಗವಾಗಿತ್ತು. ಗೆರೆ ಎಳೆದ ಮೇಲೆಯೇ ಅದಕ್ಕೆ ತನ್ನದೇ ಸಾಲು ಸಿಕ್ಕಿದ್ದು.

ವಿಶ್ವಸಂಸ್ಥೆಗೂ ಇದು ಗೊತ್ತು. 2010ರಿಂದ ಅಸಮಾನತೆಯನ್ನು ಕಳೆದು ಇನ್ನೊಂದು ಅಂಕ ಕೊಡುತ್ತದೆ. ಆ ಲೆಕ್ಕದಲ್ಲಿ ಭಾರತದ 0.685 ಸುಮಾರು ಶೇ 31ರಷ್ಟು ಕುಸಿದು 0.475 ಆಗುತ್ತದೆ. ನನ್ನ ಪ್ರಕಾರ ತಲೆಬರಹ ಆಗಬೇಕಾದ್ದು ಇದು. ಪೇಪರುಗಳು ಹಾಗೆ ಹಾಕೋದು ಅಪರೂಪ.

ಬಡತನದ ಲೆಕ್ಕದ ಕಥೆ ಬೇರೆ, ಅದರಲ್ಲಿ ಜಗಳ ಇನ್ನೂ ಜಾಸ್ತಿ. ನಮ್ಮಲ್ಲಿ 1962ರಲ್ಲಿ ಒಂದು ತಜ್ಞರ ತಂಡ ತಿಂಗಳಿಗೆ ತಲಾ 20 ರೂಪಾಯಿ ಅಂತ ಗೆರೆ ಎಳೆಯಿತು. 1979ರಲ್ಲಿ ಅದು ಕ್ಯಾಲೊರಿ ಲೆಕ್ಕವಾಯಿತು: ಹಳ್ಳಿಯವನಿಗೆ 2400, ಪಟ್ಟಣದವನಿಗೆ 2100. 2011ರಲ್ಲಿ ಯೋಜನಾ ಆಯೋಗ ಪಟ್ಟಣದಲ್ಲಿ ದಿನಕ್ಕೆ 32, ಹಳ್ಳಿಯಲ್ಲಿ 26 ರೂಪಾಯಿ ಅಂತ ಸುಪ್ರೀಂ ಕೋರ್ಟಿಗೆ ಹೇಳಿ ದೇಶದ ತುಂಬ ಬೈಸಿಕೊಂಡಿತು.

ವಿಶ್ವಬ್ಯಾಂಕ್ 1990ರಲ್ಲಿ "ದಿನಕ್ಕೆ ಒಂದು ಡಾಲರ್" ಅಂದಿತು. ಆಮೇಲೆ ಅದು 1.25, 1.90, 2.15 ಆಗಿ 2025ರ ಜೂನ್‌ನಲ್ಲಿ 3 ಡಾಲರ್ ಆಯಿತು. ಇದನ್ನು ಬ್ಯಾಂಕಿನ ರೇಟಿನಲ್ಲಿ ರೂಪಾಯಿ ಮಾಡಿ 250 ಅನ್ನುವವರು ತುಂಬ ಜನ. ಹಾಗಲ್ಲ. ಅಮೆರಿಕದಲ್ಲಿ ಆ ದುಡ್ಡಿಗೆ ಏನೇನು ಸಿಗುತ್ತದೋ ಅಷ್ಟನ್ನೇ ಇಲ್ಲಿ ಕೊಳ್ಳಲು ಎಷ್ಟು ಬೇಕು ಅನ್ನೋದು ಲೆಕ್ಕ. ಹಾಗೆ ನೋಡಿದರೆ 2021ರ ಬೆಲೆಯಲ್ಲಿ ದಿನಕ್ಕೆ ಅರವತ್ತು ರೂಪಾಯಿ ಆಸುಪಾಸು. ಹುಬ್ಬಳ್ಳಿಯಲ್ಲಿ ಅದರಲ್ಲಿ ಒಂದು ದಿನ ಕಳೆದು ತೋರಿಸಿ ನೋಡೋಣ. ಈ ಗೆರೆಯ ಕೆಳಗೆ 2011-12ರಲ್ಲಿ ಶೇ 27.1 ಭಾರತೀಯರಿದ್ದರು, 2022-23ಕ್ಕೆ ಶೇ 5.3 ಅನ್ನುತ್ತದೆ ವಿಶ್ವಬ್ಯಾಂಕ್. ಇಳಿಕೆ ನಿಜಕ್ಕೂ ದೊಡ್ಡದು. ಗೆರೆ ಎಷ್ಟು ಕೆಳಗಿದೆ ಅನ್ನೋದೂ ನೆನಪಿರಲಿ. 2025ರಲ್ಲಿ ಗೆರೆ ಬದಲಾದ ಒಂದೇ ದಿನಕ್ಕೆ ಜಗತ್ತಿನ ಬಡವರ ಸಂಖ್ಯೆ ಕಾಗದದ ಮೇಲೆ ಹನ್ನೆರಡೂವರೆ ಕೋಟಿ ಏರಿತು.

ದುಡ್ಡಿನ ಲೆಕ್ಕದ ಗೋಜೇ ಬೇಡ, ಮನೆಯೊಳಗೆ ಹೋಗಿ ನೋಡೋಣ ಅಂತ ಹೊರಟದ್ದು ಬಹುಆಯಾಮದ ಬಡತನ ಸೂಚ್ಯಂಕ. ಇದೂ 2010ರದ್ದೇ, ಆಕ್ಸ್‌ಫರ್ಡ್‌ನಲ್ಲಿ ತಯಾರಾಗಿದ್ದು. ಒಲೆಗೆ ಕಟ್ಟಿಗೆಯೋ ಗ್ಯಾಸೋ, ಪಾಯಖಾನೆ ಇದೆಯೋ, ನೀರು ಎಷ್ಟು ದೂರ, ಕರೆಂಟು ಇದೆಯೋ, ಮಗು ಶಾಲೆ ಬಿಟ್ಟಿದೆಯೋ ಅಂತ ಹತ್ತು ಪ್ರಶ್ನೆ. ಮೂರನೇ ಒಂದು ಭಾಗದಷ್ಟು ಕೊರತೆ ಇದ್ದರೆ ಆ ಮನೆ ಬಡ ಮನೆ. ಆಸ್ತಿಯ ಪಟ್ಟಿಯಲ್ಲಿ ಫೋನು, ಟಿವಿ, ಸೈಕಲ್ಲು, ಫ್ರಿಜ್ಜಿನ ಜೊತೆ ಎತ್ತಿನ ಗಾಡಿಯೂ ಇದೆ. ನಮ್ಮ ಚಕ್ಕಡಿಗೆ ಆಕ್ಸ್‌ಫರ್ಡ್‌ನಲ್ಲೂ ಕಿಮ್ಮತ್ತು! ಎತ್ತು ಮಾರಿ ಚಕ್ಕಡಿ ಮೂಲೆಗೆ ನಿಲ್ಲಿಸಿದವರನ್ನು ಏನು ಮಾಡಬೇಕು ಅಂತ ಮಾತ್ರ ಆ ಪಟ್ಟಿಯಲ್ಲಿಲ್ಲ. ನೀತಿ ಆಯೋಗ ಇದಕ್ಕೆ ಹೆರಿಗೆ ಆರೈಕೆ, ಬ್ಯಾಂಕ್ ಖಾತೆ ಎರಡನ್ನು ಸೇರಿಸಿ ಹನ್ನೆರಡು ಮಾಡಿತು. 2019-21ರ ಸಮೀಕ್ಷೆ ಪ್ರಕಾರ ದೇಶದಲ್ಲಿ ಶೇ 14.96 ಜನ ಬಡವರು, ಕರ್ನಾಟಕದಲ್ಲಿ ಶೇ 7.58.

ಕರ್ನಾಟಕ ತನ್ನದೇ ಮಾನವ ಅಭಿವೃದ್ಧಿ ವರದಿಯನ್ನು 1999ರಲ್ಲೇ ತಂದಿತ್ತು. ಆದರೆ ಉತ್ತರ ಕರ್ನಾಟಕದ ರಾಜಕೀಯದಲ್ಲಿ ಇವತ್ತಿಗೂ ಕೇಳಿಬರುವ ಹೆಸರು ಡಿ.ಎಂ. ನಂಜುಂಡಪ್ಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಈ ಅರ್ಥಶಾಸ್ತ್ರಜ್ಞರ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಜಿಲ್ಲೆ ಬಿಟ್ಟು ನೇರ ತಾಲ್ಲೂಕಿಗೆ ಇಳಿದದ್ದೇ ಅದರ ದೊಡ್ಡತನ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 26 ಉತ್ತರ ಕರ್ನಾಟಕದವು. ಮುಂದೆ ಎರಡು ದಶಕ ಅನುದಾನದ ಮಾತು ಬಂದಾಗೆಲ್ಲ ಇದೇ ಪಟ್ಟಿ. 2024ರಲ್ಲಿ ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಸರ್ಕಾರ ಹೊಸ ಸಮಿತಿ ಮಾಡಿತು.

ನಂಜುಂಡಪ್ಪ ವರದಿಯ ಹೊತ್ತಿಗೆ ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ ತಾಲ್ಲೂಕುಗಳಾಗಿರಲಿಲ್ಲ. 2011ರ ಜನಗಣತಿಯಲ್ಲೂ ಇವುಗಳ ಅಂಕಿ ನವಲಗುಂದ, ಧಾರವಾಡ, ರೋಣ, ಶಿರಹಟ್ಟಿ, ಹಿರೇಕೆರೂರಿನ ಲೆಕ್ಕದೊಳಗೇ ಸೇರಿಹೋಗಿತ್ತು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅಂತ ದಿನ ಗೊತ್ತಾಗಿದೆ. ಈ ಐದು ತಾಲ್ಲೂಕುಗಳು ತಮ್ಮದೇ ಹೆಸರಿನಲ್ಲಿ ಎಣಿಕೆಯಾಗುವುದು ಅದರಲ್ಲೇ ಮೊದಲು.