ಅಸ್ಥಿಪಂಜರ: ಎಲುಬಿನ ಸರಳು, ಒಳಗೊಂದು ಗಿಳಿ

ಮಡಿಕೇರಿಯಲ್ಲಿ ಈಚೆಗೆ ಒಂದು ಚಿತ್ರಪ್ರದರ್ಶನ ನಡೆಯಿತು. ಆಮಂತ್ರಣದಲ್ಲಿ 'ಅಸ್ತಿಪಂಜರದ ಜಾನಪದ ಚಿತ್ರಗಳು' ಎಂದಿತ್ತು. ಬಾಗಿಲಿಗೆ ಕಟ್ಟಿದ ಬ್ಯಾನರಿನಲ್ಲಿ ಅದು 'ಆಸ್ತಿಪಂಜರ' ಆಯಿತು. ಮರುದಿನ ವಾಟ್ಸಾಪಿನಲ್ಲಿ ಓಡಾಡಿದ ವರದಿಯಲ್ಲಿ 'ಕೊಡಗಿನ ಭೂತ ಚಿತ್ರಕಲೆ'. ಒಂದೇ ಪ್ರದರ್ಶನಕ್ಕೆ ಮೂರು ತಪ್ಪು, ಅದೂ ಒಂದರಂತೆ ಒಂದಿಲ್ಲ. ಚಿತ್ರ ಬರೆದ ಹೆಣ್ಣುಮಗಳು ಎರಡು ವರ್ಷ ಕೂತು ಮಾಡಿದ ಕೆಲಸವದು. ಅವರ ಚಿತ್ರಗಳ ಮೂಲವೇ 'ಅಸ್ಥಿಪಂಜರ' ಎಂಬ ಪದವಾದ್ದರಿಂದ ಸುಮ್ಮನಿರಲು ನನಗೆ ಮನಸ್ಸಾಗಲಿಲ್ಲ.

ಮೊದಲು ಆ 'ಥಿ'. ಅಸ್ಥಿ ಅಂದರೆ ಎಲುಬು. ಅಸ್ತಿ ಅಂದರೆ 'ಇದೆ', ಸಂಸ್ಕೃತದ ಕ್ರಿಯಾಪದ. ಅಸ್ತಿತ್ವ, ಆಸ್ತಿಕ, ನಾಸ್ತಿಕ ಎಲ್ಲ ಈ 'ಇದೆ'ಯ ಮನೆಯವು. ಎಲುಬಿನ ಮನೆಯೇ ಬೇರೆ, ನೆಂಟರೂ ಬೇರೆ. ಗ್ರೀಕಿನ ಓಸ್ಟಿಯೋನ್, ಲ್ಯಾಟಿನಿನ ಓಸ್ ನಮ್ಮ ಅಸ್ಥಿಯ ಒಡಹುಟ್ಟು. ಮೊಣಕಾಲು ನೋವೆಂದು ಹೋದವರ ಚೀಟಿಯಲ್ಲಿ ಡಾಕ್ಟರು 'ಆಸ್ಟಿಯೋ' ಎಂದು ಏನನ್ನೋ ಬರೆದುಕೊಡುತ್ತಾರಲ್ಲ, ಅದರೊಳಗೆ ಇರುವುದೂ ಈ ಎಲುಬೇ. 'ಅಸ್ತಿಪಂಜರ' ಎಂದು ಬರೆದರೆ 'ಇದೆ-ಪಂಜರ' ಎಂದಾಗುತ್ತದೆ. ಇದನ್ನು ಹೇಳಿದಾಗ ಒಬ್ಬರು, 'ಇರುವಿಕೆಯ ಪಂಜರ ಅಂತ ತಗೊಳ್ಳಿ, ಚೆನ್ನಾಗಿಯೇ ಇದೆಯಲ್ಲ' ಎಂದು ವಾದಿಸಿದರು. ಚೆನ್ನಾಗಿರಬಹುದು. ಆದರೆ ಬರೆದವರ ಮನಸ್ಸಿನಲ್ಲಿ ಅದಿರಲಿಲ್ಲ, ಮಹಾಪ್ರಾಣ ಬಿಟ್ಟುಹೋಗಿತ್ತು ಅಷ್ಟೆ.

ಮಾತಿನಲ್ಲಿ 'ಅಸ್ತಿ' ಎಂದರೆ ನನ್ನ ತಕರಾರಿಲ್ಲ. ನಮ್ಮ ನಾಲಗೆಗೆ ಮಹಾಪ್ರಾಣ ಎಂದೂ ಪೂರ್ತಿ ಒಗ್ಗಿದ್ದಲ್ಲ. ಬರವಣಿಗೆಯಲ್ಲಿ ಮಾತ್ರ ಎರಡು ದಾರಿ ಇದೆ: ಸಂಸ್ಕೃತ ಪದ ಬೇಕೆಂದರೆ ಅದರ ಅಕ್ಷರ ಉಳಿಸಿಕೊಳ್ಳಬೇಕು, ಇಲ್ಲವೇ ಎಲುಬುಗೂಡು ಎನ್ನಬೇಕು. ಎಲುಬು ಅಚ್ಚ ದ್ರಾವಿಡ, ತಮಿಳಿನ ಎಲುಂಬು ಅದರ ಅಕ್ಕ. ಗೂಡು ಎಂಬಲ್ಲಿ ಪಂಜರಕ್ಕಿಂತ ಬೆಚ್ಚಗಿನ ಅರ್ಥವೂ ಸಿಗುತ್ತದೆ. ಎರಡನ್ನೂ ಬಿಟ್ಟು ನಡುವೆ ನಿಲ್ಲುವುದೇಕೆ?

ಈ ತಪ್ಪಿಗೆ ತಿರುಗುಬಾಣದಂಥ ಇನ್ನೊಂದು ತಪ್ಪೂ ಇದೆ. 'ಥ' ಹಾಕದೆ ಒಮ್ಮೆ ಬೈಸಿಕೊಂಡವರು ಆಮೇಲೆ ಎಲ್ಲ ಕಡೆಗೂ ಹಾಕತೊಡಗುತ್ತಾರೆ. ಕಟ್ಟಡಕ್ಕೆ ಹಾಕುವುದು ಅಸ್ತಿಭಾರ. ಅದನ್ನು 'ಅಸ್ಥಿಭಾರ' ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದನ್ನು ಒಂದಲ್ಲ, ನಾಲ್ಕು ಕಡೆ ನೋಡಿದ್ದೇನೆ. ಎಲುಬಿನ ಹೊರೆಯ ಮೇಲೆ ಸಮುದಾಯ ಭವನ ನಿಂತಂತಾಯಿತು. ಕಾಗದದ ಮೇಲಿನ ತಪ್ಪನ್ನು ತಿದ್ದಬಹುದು, ಕಲ್ಲಿನ ಮೇಲಿನದು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಸಂಶಯ ಬಂದಾಗ ಅಡಿಪಾಯ ಎಂದು ಬರೆದರೆ ಯಾವ ತೊಂದರೆಯೂ ಇಲ್ಲ.

ಅಸ್ಥಿ ಎಂಬುದು ಸಾವಿಗೇ ಸೇರಿದ ಪದ ಎಂಬ ಭಾವನೆಯೂ ಬಲವಾಗಿದೆ. ಭಾಗಮಂಡಲದ ಸಂಗಮ, ಪಿಂಡಪ್ರದಾನ, ಅಸ್ಥಿ ವಿಸರ್ಜನೆ ಎಂದೇ ನಮ್ಮ ಕಿವಿಗೆ ಹೆಚ್ಚು ಬಿದ್ದಿರುವುದರಿಂದ ಹೀಗಾಗಿದೆ. ಆಯುರ್ವೇದ ಹೇಳುವ ಸಪ್ತಧಾತುಗಳಲ್ಲಿ ಅಸ್ಥಿ ಐದನೆಯದು. ಮಾಂಸ, ಮೇದಸ್ಸಿನ ನಂತರ, ಮಜ್ಜೆಗೆ ಮೊದಲು. ಬದುಕಿರುವ ಮೈಯ ಲೆಕ್ಕ ಅದು. ದೊಡ್ಡವರ ಮೈಯಲ್ಲಿ 206 ಎಲುಬು. ಅಸ್ಥಿಪಂಜರವನ್ನು ನೋಡಿ ಬೆಚ್ಚುವವರೂ ಒಂದನ್ನು ಹೊತ್ತುಕೊಂಡೇ ಬಂದಿರುತ್ತಾರೆ.

ಇನ್ನು ಪಂಜರ. ನನಗೆ ಬಹಳ ಇಷ್ಟವಾದ ಭಾಗ ಇದು. ಇಂಗ್ಲಿಷಿನ ಸ್ಕೆಲೆಟನ್ ಗ್ರೀಕಿನಿಂದ ಬಂದದ್ದು, ಮೂಲದಲ್ಲಿ 'ಒಣಗಿದ್ದು' ಎಂದರ್ಥ. ಅವರಿಗೆ ಕಂಡದ್ದು ಆರಿಹೋದ ಮೈ. ಅಮರಕೋಶಕ್ಕೆ ಹೋದರೆ ಒಂದೇ ಶ್ಲೋಕದಲ್ಲಿ ಕಂಕಾಲ, ಕಶೇರುಕಾ, ಕರೋಟಿ, ಪರ್ಶುಕಾ ಸಿಗುತ್ತವೆ: ಮೈಯ ಎಲುಬು, ಬೆನ್ನೆಲುಬು, ತಲೆಬುರುಡೆ, ಪಕ್ಕೆಲುಬು. ಶಾಲೆಯಲ್ಲಿ ಓದುವ ಕಶೇರುಕ, ಅಕಶೇರುಕಗಳು ಬಂದದ್ದು ಅಲ್ಲಿಂದಲೇ. ಕನ್ನಡದ ದಿನಬಳಕೆಯಲ್ಲಿ ಈ ಕಂಕಾಲ ಗೆಲ್ಲಲಿಲ್ಲ, ಅಸ್ಥಿಪಂಜರ ಗೆದ್ದಿತು. ನಮ್ಮಲ್ಲಿ ಜೀವ ಎಂದರೆ ಹಕ್ಕಿ. ಸತ್ತರೆ 'ಪ್ರಾಣಪಕ್ಷಿ ಹಾರಿಹೋಯಿತು' ಎನ್ನುತ್ತೇವೆ. ಹಕ್ಕಿ ಇದ್ದ ಮೇಲೆ ಪಂಜರ ಇರಲೇಬೇಕಲ್ಲ, ಆ ಪಂಜರದ ಸರಳುಗಳೇ ಎಲುಬು. ಎಲುಬನ್ನು ತೆಗೆದು 'ಇದೆ' ಎಂದಿಟ್ಟರೆ ಪಂಜರಕ್ಕೆ ಸರಳೇ ಉಳಿಯುವುದಿಲ್ಲ.

ಪ್ರದರ್ಶನದ ಚಿತ್ರಗಳು ಹುಟ್ಟಿದ್ದೂ ಇಲ್ಲೇ. ಕಲಾವಿದೆ ಕುಶಾಲನಗರದ ಕಡೆಯವರು. ಸ್ಫೂರ್ತಿ ಎಲ್ಲಿಂದ ಎಂದು ಕೇಳಿದಾಗ ಅವರು ಹೇಳಿದ್ದು: 'ಅಕ್ಕಾ, ಏಳನೇ ಕ್ಲಾಸಿನಲ್ಲಿ ವಿಜ್ಞಾನದ ಟೀಚರ್ ಬೋರ್ಡಿನ ಮೇಲೆ ಈ ಪದ ಬರೆದು, ಒಳಗೆ ಯಾವ ಹಕ್ಕಿ ಇರ್ತದೆ ಹೇಳಿ ಅಂತ ಕೇಳಿದ್ರು. ಅವತ್ತಿಂದ ನಂಗೆ ಪಕ್ಕೆಲುಬು ಕಂಡ್ರೆ ಒಳಗೊಂದು ಗಿಳಿ ಕಾಣ್ತದೆ.' ಅವರ ಎಲ್ಲ ಅಸ್ಥಿಪಂಜರಗಳ ಎದೆಯಲ್ಲೂ ಒಂದು ಗಿಳಿ ಕೂತಿದೆ. ಜಾತ್ರೆಯಲ್ಲಿ ಶಾಸ್ತ್ರ ಹೇಳುವ ಹಸಿರು ಗಿಳಿಯಲ್ಲ. ನಮ್ಮ ತೋಟಗಳಲ್ಲಿ ಕೂಗಾಡುವ, ಪಶ್ಚಿಮಘಟ್ಟದ್ದೇ ಆದ, ಬೂದು ಮೈಯ ನೀಲಿ ರೆಕ್ಕೆಯದು.

ಎರಡನೆಯ ಸ್ಫೂರ್ತಿ ಕಾವೇರಿ ದಾಟಿದರೆ ಸಿಗುವ ಬೈಲಕುಪ್ಪೆ. ಅದು ಕೊಡಗಲ್ಲ, ಪಿರಿಯಾಪಟ್ಟಣ ತಾಲ್ಲೂಕು. ಟಿಬೆಟಿನವರು 1960ರ ದಶಕದ ಆರಂಭದಿಂದ ಅಲ್ಲಿ ನೆಲೆಸಿದ್ದಾರೆ. ಅವರ ಛಾಮ್ ನೃತ್ಯದಲ್ಲಿ ಬಿಳಿ ಉಡುಪಿನ ಮೇಲೆ ಎಲುಬು ಬರೆದುಕೊಂಡು, ನಗುವ ಬುರುಡೆಯ ಮುಖವಾಡ ಹಾಕಿ ಕುಣಿಯುವವರಿದ್ದಾರೆ. ಅಪ್ಪನ ಸ್ಕೂಟರಿನಲ್ಲಿ ಹೋಗಿ ಅದನ್ನು ನೋಡಿದ ಹುಡುಗಿ ಹೆದರಲಿಲ್ಲವಂತೆ, ಮನೆಗೆ ಬಂದು ಅಂಗಳದಲ್ಲಿ ತಾನೂ ಹಾಗೇ ಕುಣಿದಳಂತೆ. ಟಿಬೆಟಿನ ಚಿತ್ರಪಟಗಳಲ್ಲಿ ಜೋಡಿಯಾಗಿ ಕುಣಿಯುವ ಅಸ್ಥಿಪಂಜರಗಳ ಹೆಸರು ಚಿತಿಪತಿ. ಈ ಹೆಸರನ್ನು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಚಿತೆಯ ಒಡೆಯ. ಇಷ್ಟು ಹತ್ತಿರದ ಹೆಸರಿರುವಾಗ ವರದಿಗಾರರು 'ಚೀನೀ ದೆವ್ವ' ಎಂದು ಬರೆದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಮೆಕ್ಸಿಕೋದ ಹೆಸರೂ ಬಂತು, ಅದು ಬರಬೇಕಾದದ್ದೇ. ಅಲ್ಲಿ ನವೆಂಬರ್ 1 ಮತ್ತು 2ರಂದು ಸತ್ತವರ ದಿನ ಆಚರಿಸುತ್ತಾರೆ. ಆ ಹೊತ್ತಿನ ಚಿತ್ರಗಳನ್ನು ಕಲವೇರಾ ಎನ್ನುತ್ತಾರೆ. ಸ್ಪ್ಯಾನಿಷಿನಲ್ಲಿ ಅದರ ಅರ್ಥ ತಲೆಬುರುಡೆ, ಇಡೀ ಮೈಯದಲ್ಲ. ಮೆಕ್ಸಿಕೋದ ಚಿತ್ರಗಳಲ್ಲಿ ಮಾತ್ರ ಪೂರ್ತಿ ಅಸ್ಥಿಪಂಜರಕ್ಕೂ ಆ ಹೆಸರೇ ಅಂಟಿದೆ. ಹೊಸೆ ಗ್ವಾದಲುಪೆ ಪೊಸಾದಾ (1852–1913) ಎಂಬ ಅಚ್ಚುಚಿತ್ರಕಾರ ಅಸ್ಥಿಪಂಜರಗಳಿಗೆ ಟೋಪಿ ತೊಡಿಸಿದ, ಸೈಕಲ್ ಹತ್ತಿಸಿದ, ಜಗಳವಾಡಿಸಿದ. ನಮ್ಮ ಕಲಾವಿದೆ ಅವನಿಂದ ಕಲಿತದ್ದು ಒಂದೇ, ಎಲುಬುಗಳೂ ಬಟ್ಟೆ ತೊಟ್ಟು ಕೆಲಸಕ್ಕೆ ಹೋಗಬಹುದು ಎಂಬುದನ್ನು. ಹಾಗಾಗಿ ಅವರ ಚಿತ್ರದಲ್ಲಿ ಅಸ್ಥಿಪಂಜರಗಳು ಕಾಫಿ ಹಣ್ಣು ಕೊಯ್ಯುತ್ತವೆ, ಕೊಡವರ ಉದ್ದನೆಯ ಅಂಗಿ ಕುಪ್ಯ ತೊಟ್ಟು ವಾಲಗಕ್ಕೆ ಹೆಜ್ಜೆ ಹಾಕುತ್ತವೆ. ಸೊಂಟವೇ ಇಲ್ಲದವನಿಗೆ ನಡುಪಟ್ಟಿಯಾದ ಚೇಲೆ ಎಲ್ಲಿ ಕಟ್ಟುವುದು, ಪೀಚೆಕತ್ತಿ ಎಲ್ಲಿ ಸಿಗಿಸುವುದು ಎಂದು ಮೂರು ದಿನ ಯೋಚಿಸಿ, ಕಡೆಗೆ ಕಟಿಯ ಎಲುಬಿನ ಅಂಚಿಗೆ ಕಟ್ಟಿದ್ದಾರೆ. ಗಂಟು ಎಲುಬಿನ ಮೇಲೆ ಒರಗಿ ಕೂತಿರುವುದು ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ.

'ಕೊಡಗಿನ ಜಾನಪದ' ಎಂಬುದನ್ನು ಅವರೇ ಒಪ್ಪುವುದಿಲ್ಲ. 'ಗೆರೆಯ ರೀತಿ ಜಾನಪದದ್ದು, ವಿಷಯ ನಾನು ಕಟ್ಟಿಕೊಂಡದ್ದು' ಎಂದು ಸ್ಪಷ್ಟವಾಗಿ ಹೇಳಿದರು. ಐನ್‌ಮನೆಯ ಕೈಮಡದಲ್ಲಿ, ಅಂದರೆ ಕೊಡವ ಕುಲದ ಮೂಲಮನೆಯ ಪುಟ್ಟ ಗುಡಿಯಲ್ಲಿ, ನಮಸ್ಕರಿಸುವ ಕಾರಣರನ್ನು (ಗತಿಸಿದ ಹಿರಿಯರನ್ನು) ಈ ಚಿತ್ರಗಳ ಜೊತೆ ಬೆರೆಸುವುದೂ ತಪ್ಪು. ಹಿರಿಯರನ್ನು ಅಲ್ಲಿ ಯಾರೂ ಎಲುಬಾಗಿ ನೆನೆಯುವುದಿಲ್ಲ.

ಭೂತದ ವಿಷಯ ಎರಡೇ ಮಾತಿನಲ್ಲಿ ಮುಗಿಯುತ್ತದೆ. ಭೂತ ಅಂದರೆ 'ಆದದ್ದು, ಇದ್ದದ್ದು'. ಭೂತಕಾಲ, ಪಂಚಭೂತ, ಭೂತದಯೆ ಎಂಬ ಯಾವುದರಲ್ಲೂ ಹೆದರಿಕೆ ಇಲ್ಲ. ಕರಾವಳಿಯಲ್ಲಿ ಅದು ಆರಾಧನೆಯ ದೈವ. ದೆವ್ವ ಎನ್ನಬೇಕಾದಲ್ಲಿ ದೆವ್ವ ಎನ್ನಿ. ಅಸ್ಥಿಪಂಜರ ಇವೆರಡೂ ಅಲ್ಲ. ಬಾದಾಮಿಯ ಒಂದನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬಷ್ಟೇ ಉಳಿದ ಭೃಂಗಿ ನಿಂತಿದ್ದಾನೆ. ಪಾರ್ವತಿಯನ್ನು ಬಿಟ್ಟು ಶಿವನಿಗೊಬ್ಬನಿಗೇ ಪ್ರದಕ್ಷಿಣೆ ಹಾಕಿದ್ದಕ್ಕೆ ರಕ್ತಮಾಂಸ ಕಳೆದುಕೊಂಡವನು. ಅವನನ್ನು ಯಾರೂ ದೆವ್ವ ಎನ್ನುವುದಿಲ್ಲ, ಭಕ್ತ ಎನ್ನುತ್ತಾರೆ.

ಕಲಾವಿದೆ ಕೆಲಸ ಮಾಡುವುದನ್ನು ಒಂದು ಮಧ್ಯಾಹ್ನ ಕೂತು ನೋಡಿದೆ. ಕೆಮ್ಮಣ್ಣು ಬಳಿದು ಒಣಗಿಸಿದ ಬಟ್ಟೆ, ಅದರ ಮೇಲೆ ಬಿಳಿ ಗೆರೆ. ಬೆನ್ನೆಲುಬಿನಿಂದ ಕುಂಚ ಹೊರಟು, ಬಾಗಿ, ಎದೆಯ ನಡುವಿಗೆ ಬರುವಷ್ಟರಲ್ಲಿ ಸಪೂರವಾಗುತ್ತದೆ. ಒಂದು ಗೆರೆ ಮುಗಿಯುವವರೆಗೆ ಅವರು ಉಸಿರು ಬಿಡುವುದಿಲ್ಲ. ಹೀಗೆ ಹನ್ನೆರಡು ಜೊತೆ. ಕೆಳಗಿನ ಎರಡು ಜೊತೆಯನ್ನು ಮಾತ್ರ ಅರ್ಧಕ್ಕೆ ನಿಲ್ಲಿಸಿದರು. ಮರೆತರೇನೋ ಎಂದುಕೊಂಡು ಕೇಳಿದೆ.

'ಇಲ್ಲಕ್ಕಾ, ನಮ್ಮ ಮೈಯಲ್ಲೂ ಅವೆರಡು ಮುಂದೆ ಬಂದು ಸೇರೋದಿಲ್ಲ. ಹಕ್ಕಿಗೆ ಬಾಗಿಲು ಬೇಕಲ್ಲ' ಎಂದು ಕುಂಚವನ್ನು ನೀಲಿಗೆ ಅದ್ದಿದರು.