ಒಳ್ಳೆಯ ಧ್ವನಿಯೂ ಬೇಕು, ಹೊಸ ಹಾಡೂ ಸಿಗಬೇಕು: ಯಾವ ಆ್ಯಪ್‌ಗೆ ಚಂದಾ ಕಟ್ಟಲಿ?

ಪ್ರಶ್ನೆ: ಸಂಗೀತದ ಆ್ಯಪ್‌ಗಳೆಲ್ಲ ‘ಲಾಸ್‌ಲೆಸ್’ (ಮೂಲ ಧ್ವನಿಯ ಯಾವ ವಿವರವನ್ನೂ ಬಿಡದೆ ಕೊಡುವುದು) ಎನ್ನುತ್ತಿವೆ. ನಿಜವಾಗಿ ಚೆನ್ನಾಗಿ ಕೇಳಿಸುವುದು ಯಾವುದು? ನನಗೆ ಗೊತ್ತಿಲ್ಲದ ಹಾಡುಗಳನ್ನು ಹುಡುಕಿಕೊಡುವುದು ಯಾವುದು?

ಉತ್ತರ: ನೀವು ಹಾಡು ಕೇಳುವುದು ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಾದರೆ ಮೊದಲ ಪ್ರಶ್ನೆಯನ್ನು ಬಹುಪಾಲು ಮರೆತುಬಿಡಿ. ಸಿ.ಡಿ.ಯ ಧ್ವನಿಗೆ ಸೆಕೆಂಡಿಗೆ 1411 ಕಿಲೋಬಿಟ್ ಬೇಕು. ಬ್ಲೂಟೂತ್‌ನ ಸಾಮಾನ್ಯ ವಿಧಾನವಾದ ಎಸ್‌ಬಿಸಿ ಸಾಗಿಸುವುದು ಸುಮಾರು 328. ಮೇಲ್ದರ್ಜೆಯದೆನ್ನಿಸಿಕೊಂಡ ಎಲ್‌ಡ್ಯಾಕ್ ಕೂಡ 990ಕ್ಕೆ ನಿಲ್ಲುತ್ತದೆ. ಆ್ಯಪ್ ಎಷ್ಟೇ ಶುದ್ಧವಾಗಿ ಕಳುಹಿಸಿದರೂ ಫೋನು ಸಾಮಾನ್ಯವಾಗಿ ಅದನ್ನು ಮತ್ತೆ ಹಿಂಡಿಯೇ ಕಿವಿಗೆ ತಲುಪಿಸುತ್ತದೆ.

ತಂತಿಯ ಹೆಡ್‌ಫೋನ್ ಅಥವಾ ಒಳ್ಳೆಯ ಸ್ಪೀಕರ್ ಇದ್ದರೆ ಮಾತು ಬೇರೆ. ಆಪಲ್ ಮ್ಯೂಸಿಕ್, ಟೈಡಲ್, ಕೋಬಜ್, ಅಮೆಜಾನ್ ಮ್ಯೂಸಿಕ್ ನಾಲ್ಕೂ 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಕೊಡುತ್ತವೆ (ಕಿಲೋಹರ್ಟ್ಸ್ ಎಂದರೆ ಇಲ್ಲಿ ಧ್ವನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆಯಲಾಗಿದೆ ಎಂಬ ದರ, ಬಿಟ್ ಎಂದರೆ ಪ್ರತಿ ಅಳತೆಯ ಸೂಕ್ಷ್ಮತೆ). ಬಹುಕಾಲ 320 ಕಿಲೋಬಿಟ್‌ನಲ್ಲೇ ಉಳಿದಿದ್ದ ಸ್ಪಾಟಿಫೈ 2025ರ ಸೆಪ್ಟೆಂಬರ್‌ನಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್‌ನ ಲಾಸ್‌ಲೆಸ್ ಆರಂಭಿಸಿತು. 192 ಎಂಬ ಅಂಕಿಗೆ ಮರುಳಾಗಬೇಡಿ. ಮನುಷ್ಯನ ಕಿವಿಗೆ ಕೇಳುವ ಸ್ವರದ ಮಿತಿ ಹೆಚ್ಚೆಂದರೆ 20 ಕಿಲೋಹರ್ಟ್ಸ್; ಅಳೆಯುವ ದರ ತನ್ನ ಅರ್ಧದವರೆಗಿನ ಸ್ವರವನ್ನು ಹಿಡಿಯುವುದರಿಂದ 44.1ರ ದರ ಅಷ್ಟನ್ನೂ ಹಿಡಿದಿಡುತ್ತದೆ.

ಸ್ನೇಹಿತನೊಬ್ಬನಿಂದ ಫೋನಿನ ಪರದೆ ಮುಚ್ಚಿಸಿ, ಒಂದೇ ಹಾಡನ್ನು 320ರಲ್ಲಿಯೂ ಲಾಸ್‌ಲೆಸ್‌ನಲ್ಲಿಯೂ ಹತ್ತು ಬಾರಿ ಕೇಳಿ ಗುರುತಿಸಲು ನೋಡಿದ್ದೇನೆ. ಸಿಂಬಲ್‌ನ (ಡ್ರಮ್ಸ್ ಜೊತೆ ಬಡಿಯುವ ಲೋಹದ ತಟ್ಟೆಯ) ಝೇಂಕಾರ ಕರಗುವ ಕೊನೆಯ ಕ್ಷಣಕ್ಕೆ ಕಿವಿಗೊಟ್ಟು ಕುಳಿತರೂ ಸರಿಯಾಗಿದ್ದು ಆರು ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು! ನೀವೂ ಮಾಡಿ ನೋಡಿ, ಆದರೆ ಎರಡರ ಸದ್ದೂ ಒಂದೇ ಮಟ್ಟದಲ್ಲಿರಲಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ‘ಈ ಆ್ಯಪ್‌ನ ಧ್ವನಿಯೇ ಬೇರೆ’ ಎನ್ನುವವರಲ್ಲಿ ಅನೇಕರು ಮೋಸಹೋಗುವುದು ಇಲ್ಲೇ.

ಅದಕ್ಕಿಂತ ಮೊದಲು ಸೆಟ್ಟಿಂಗ್ ತೆರೆಯಿರಿ. ಆಪಲ್ ಮ್ಯೂಸಿಕ್‌ನಲ್ಲಿ ಲಾಸ್‌ಲೆಸ್ ಅನ್ನು ನೀವೇ ಆನ್ ಮಾಡಬೇಕು. ಮೊಬೈಲ್ ಡೇಟಾಕ್ಕೆ ಒಂದು, ವೈಫೈಗೆ ಇನ್ನೊಂದು ಗುಣಮಟ್ಟ ಇರುವುದೂ ಉಂಟು.

ಆದ್ದರಿಂದ ನನ್ನ ಮಟ್ಟಿಗೆ ಹಣ ಕೊಡಬೇಕಾದದ್ದು ಎರಡನೆಯ ಪ್ರಶ್ನೆಯ ಉತ್ತರಕ್ಕೆ. ಇಲ್ಲಿ ಆ್ಯಪ್‌ಗಳ ಸ್ವಭಾವವೇ ಬೇರೆ ಬೇರೆ. ಸ್ಪಾಟಿಫೈ 2015ರಿಂದ ಪ್ರತಿ ಸೋಮವಾರ ‘ಡಿಸ್ಕವರ್ ವೀಕ್ಲಿ’ ಪಟ್ಟಿ ಕೊಡುತ್ತಿದೆ. ಅದರ ಹಿಂದಿನ ಮುಖ್ಯ ಉಪಾಯ ಸರಳ: ನಿಮಗೆ ಇಷ್ಟವಾದ ಹಾಡನ್ನು ಬೇರೆಯವರು ತಮ್ಮ ಪ್ಲೇಲಿಸ್ಟ್‌ಗಳಲ್ಲಿ ಯಾವ ಹಾಡುಗಳ ಜೊತೆ ಇಟ್ಟಿದ್ದಾರೆ, ಅವುಗಳಲ್ಲಿ ನೀವು ಕೇಳದೆ ಇರುವುದು ಯಾವುದು ಎಂದು ನೋಡುವುದು. ಅಪರಿಚಿತರ ಅಭಿರುಚಿ ಹೀಗೆ ನಮಗೆ ದಾರಿ ತೋರಿಸುತ್ತದೆ. ತೊಂದರೆಯೂ ಅಲ್ಲೇ ಇದೆ. ಮಗುವನ್ನು ಮಲಗಿಸಲು ಒಂದು ವಾರ ಲಾಲಿ ಹಾಕಿದರೆ ಮುಂದಿನ ಸೋಮವಾರ ಪಟ್ಟಿಯ ತುಂಬ ಲಾಲಿಗಳೇ ಬರಬಹುದು. ಅಂಥ ಹೊತ್ತಿಗೆ, ಆಗ ಕೇಳಿದ್ದು ನಿಮ್ಮ ರುಚಿಯ ಲೆಕ್ಕಕ್ಕೆ ಸೇರದಿರಲೆಂದು ‘ಪ್ರೈವೇಟ್ ಸೆಷನ್’ ಹಾಕಿಕೊಳ್ಳಿ.

ಕೋಬಜ್‌ನ ಒಲವು ಸಂಪಾದಕರ ಬರಹದ ಕಡೆಗೆ. ಅನೇಕ ಆಲ್ಬಂಗಳ ಜೊತೆಗೆ ಪುಸ್ತಿಕೆಯೂ ಸಿಗುತ್ತದೆ. ವಾದಕರ ಹೆಸರು ಹಿಡಿದು ಮುಂದಿನ ಆಲ್ಬಂಗೆ ಹೋಗುವ ಹಳೆಯ ಚಟ ಇರುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಯೂಟ್ಯೂಬ್ ಮ್ಯೂಸಿಕ್‌ನ ಧ್ವನಿ 256 ಕಿಲೋಬಿಟ್‌ಗೆ ಮುಗಿಯುತ್ತದೆ. ಆದರೆ ಜನರೇ ಏರಿಸಿದ ಕಛೇರಿಗಳು, ಎಲ್ಲೂ ಮಾರಾಟಕ್ಕಿಲ್ಲದ ಹಳೆಯ ಧ್ವನಿಮುದ್ರಣಗಳು ಅಲ್ಲಿ ಸಿಗುವಷ್ಟು ಬೇರೆಡೆ ಸಿಗುವುದಿಲ್ಲ.

ಉಚಿತ ಪ್ರಯೋಗದ ಅವಧಿ ಸಿಕ್ಕರೆ ಮೊದಲ ದಿನವೇ ನಿಮ್ಮ ಮೆಚ್ಚಿನ, ಹೆಚ್ಚು ಜನರಿಗೆ ಗೊತ್ತಿಲ್ಲದ ಹತ್ತು ಆಲ್ಬಂಗಳನ್ನು ಹುಡುಕಿ. ಅರ್ಧದಷ್ಟೂ ಸಿಗದಿದ್ದರೆ ಅಲ್ಲಿಗೇ ಬಿಡಿ. ಸಿಕ್ಕರೆ ಎರಡು ವಾರ ಮೆಚ್ಚುಗೆ ಒತ್ತುತ್ತಾ, ಬೇಡವಾದದ್ದನ್ನು ದಾಟಿಸುತ್ತಾ ಅದಕ್ಕೆ ನಿಮ್ಮ ರುಚಿ ಕಲಿಸಿ. ಮೂರನೆಯ ವಾರ ಅದು ಕೊಟ್ಟ ಹಾಡುಗಳಲ್ಲಿ ಎಷ್ಟನ್ನು ನೀವಾಗಿಯೇ ಮತ್ತೆ ಹಾಕಿಕೊಂಡಿರಿ ಎಂದು ಎಣಿಸಿ, ಆಮೇಲೆ ಹಣ ಕಟ್ಟಿ.